ಬೀದಿಯ ಅಳತೆ ತೆಗೆದ ಟೇಪಮ್ಮ

ನಮ್ಮತ್ತೆಯನ್ನು ಯಾರಾದರೂ ನನ್ನೆದುರು ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊಗಳುವುದಾದರೆ ನಾನು ಹೊಗಳಬೇಕು, ಬೈಯುವುದಾದರೂ ನಾನೇ ಬೈಯಬೇಕು. ಒಂದೇ ಅಡಿಗೆಮನೆಯಲ್ಲಿ ಇಷ್ಟು ವರ್ಷ ಆಕೆಯ ಜೊತೆ ಏಗಿ ಸಂಪಾದಿಸಿಕೊಂಡ ಹಕ್ಕು ಅದು. ಈಚೆಗೆ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡವರು ಯಾರು ಯಾರೋ ಬರುತ್ತಾರೆ, ಅತ್ತೆಯ ಫೋಟೋ ತೆಗೆಯುತ್ತಾರೆ, ಹವಾಮಾನ ಬದಲಾವಣೆಗೆ ಉತ್ತರ ಕೊಟ್ಟ ಮಹಿಳೆ ಎಂದು ಬರೆದುಕೊಂಡು ಹೋಗುತ್ತಾರೆ. ಉತ್ತರವೂ ಇಲ್ಲ, ದಕ್ಷಿಣವೂ ಇಲ್ಲ. ನಮ್ಮತ್ತೆ ಇಷ್ಟೆಲ್ಲ ಮಾಡಿದ್ದು ಗಂಡನನ್ನು ಮನೆಯಿಂದ ಆಚೆ ಹಾಕುವುದಕ್ಕೆ. ಕಣ್ಣಾರೆ ಕಂಡವಳು ನಾನು, ಹೇಳುತ್ತೇನೆ ಕೇಳಿ.

ಅತ್ತೆ ಟೈಲರ್. ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿರುವುದರಿಂದ ಬೀದಿಗೆಲ್ಲ ಆಕೆ ಟೇಪಮ್ಮ. ಸ್ನಾನಕ್ಕೆ ಹೋಗುವಾಗ ಮಾತ್ರ ಅದನ್ನು ಬಚ್ಚಲ ಚಿಲಕಕ್ಕೆ ಸಿಕ್ಕಿಸುತ್ತಾರೆ, ಮೈ ಒರೆಸಿಕೊಂಡು ಬಂದವರೇ ಮತ್ತೆ ಹಾಕಿಕೊಳ್ಳುತ್ತಾರೆ. ಆಕೆಗೆ ಜನರ ಮುಖ ನೆನಪಿರುವುದಿಲ್ಲ, ಮೈಕಟ್ಟು ನೆನಪಿರುತ್ತದೆ. "ಯಾರೋ ನಿನ್ನ ಕೇಳ್ಕೊಂಡು ಬಂದಿದ್ರು ಕಣೇ. ಎಡ ಭುಜ ಇಳಿಜಾರು, ತೋಳು ಗಿಡ್ಡ" ಎಂದರೆ ಅದು ನನ್ನ ಒಡಹುಟ್ಟಿದ ಅಣ್ಣ ಎಂದು ನಾನೇ ಅರ್ಥ ಮಾಡಿಕೊಳ್ಳಬೇಕು. ನಾನು ಸೊಸೆಯಾಗಿ ಕಾಲಿಟ್ಟ ದಿನ ಆಕೆ ಆಡಿದ ಮೊದಲ ಮಾತು, "ಬಲಗೈ ಎಡಗೈಗಿಂತ ಸ್ವಲ್ಪ ಉದ್ದ ಇದೆಯಲ್ಲಮ್ಮ ನಿಂಗೆ." ನಾನು ಸಿಟಿ ಬಸ್ಸಿನ ಕಂಡಕ್ಟರ್. ದಿನವಿಡೀ ಬಲಗೈಯಲ್ಲಿ ಮೇಲಿನ ಕಂಬಿ ಹಿಡಿದು ತೂಗಾಡುವವಳ ಕೈ ಉದ್ದವಾಗದೆ ಇನ್ನೇನಾಗುತ್ತದೆ? ಹಾಗಂತ ಅಲ್ಲೇ ಹೇಳಿಯೂಬಿಟ್ಟೆ. ಅತ್ತೆ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ನಮ್ಮಿಬ್ಬರಿಗೂ ಹೊಂದಿಕೆಯಾಯಿತು, ಜಗಳಕ್ಕೂ ಸಲಿಗೆ ಬಂತು.

ಮಾವನದು ಕೀಲಿ ಮಾಡುವ ಕೆಲಸ. ಅತ್ತೆಯ ಅಂಗಡಿ ಬೀದಿಯ ಒಂದು ಬದಿಗೆ, ಒಂದೇ ಶಟರಿನ ಕೋಣೆ. ಎದುರು ಬದಿಯಲ್ಲಿ ದೀಪದ ಕಂಬದ ಬುಡಕ್ಕೆ ಮಾವನ ಸ್ಟೂಲು, ಕಬ್ಬಿಣದ ಪೆಟ್ಟಿಗೆ, ತಂತಿಗೆ ಪೋಣಿಸಿದ ಖಾಲಿ ಕೀಲಿಗಳ ಗೊಂಚಲು. ಮದುವೆಯಾದಂದಿನಿಂದ ಇಬ್ಬರೂ ಹಗಲೆಲ್ಲ ಬೀದಿಯ ಮೇಲಿನಿಂದಲೇ ಕೂಗಾಡಿಕೊಂಡು ಸಂಸಾರ ಮಾಡಿದವರು. ಇತ್ತ ಹೊಲಿಗೆ ಮೆಷಿನ್ನು ಗಡಗಡ, ಅತ್ತ ಅರದಿಂದ ಕೀಲಿ ಉಜ್ಜುವ ಕಿರ್‍ರೋ ಕಿರ್‍ರೋ. ಮಾವ ಊರಿನ ಬೀಗಗಳನ್ನೆಲ್ಲ ತೆಗೆಯಬಲ್ಲರು, ತಮ್ಮ ಬಾಯಿಗೆ ಮಾತ್ರ ಬೀಗ ಹಾಕಲಾರರು. ಒಂದು ಕೀಲಿಗೆ ಒಂದು ಕಥೆ ಉಚಿತ.

ಆ ಬೀದಿಯಲ್ಲಿ ಹಿಂದೆ ಮರಗಳಿದ್ದವು. ರಸ್ತೆ ಅಗಲ ಮಾಡುವಾಗ ಕಡಿದರು. ಆಮೇಲೆ ಎರಡೂ ಬದಿಯ ದೊಡ್ಡ ಅಂಗಡಿಗಳಿಗೆ ಏಸಿ ಬಂತು. ಒಳಗಿನವರು ತಣ್ಣಗೆ ಕೂತರು, ಅವರ ಸೆಕೆಯನ್ನೆಲ್ಲ ಗೋಡೆಯಾಚೆಯ ಪೆಟ್ಟಿಗೆಗಳು ಬೀದಿಯವರ ಮುಖಕ್ಕೆ ಊದತೊಡಗಿದವು. ಬೇಸಿಗೆಯೋ, ವರ್ಷದಿಂದ ವರ್ಷಕ್ಕೆ ಬಾಲ ಬೆಳೆಸಿಕೊಳ್ಳುತ್ತ ಹೋಯಿತು. ನನ್ನ ಬಸ್ಸಿನ ಕಂಬಿ ಮಧ್ಯಾಹ್ನದಲ್ಲಿ ಕಾದ ಕಾವಲಿ. ಹಿಂದಿನ ಬೇಸಿಗೆಯಲ್ಲಿ ಮಾವ ಯಾರಿಗೋ ಬೀರುವಿನ ಕೀಲಿ ಮಾಡಿಕೊಡುತ್ತ, ಜೊತೆಗೆ ಒಮ್ಮೆ ಹೀಗೇ ಒಂದು ಬೀರು ತೆಗೆದಾಗ ಒಳಗೆ ಬೆಕ್ಕು ಮರಿ ಹಾಕಿದ್ದ ಕಥೆ ಹೇಳುತ್ತಿದ್ದರು. ಬೆಕ್ಕಿನ ಮರಿಗಳು ಕಣ್ಣು ಬಿಡುವ ಹೊತ್ತಿಗೆ ಸರಿಯಾಗಿ ಮಾವ ಕಣ್ಣು ಮುಚ್ಚಿ ಸ್ಟೂಲಿನಿಂದ ಉರುಳಿಬಿಟ್ಟರು.

ಡಾಕ್ಟರು ಮಾವನನ್ನು ಉಳಿಸಿದರು, ಉಳಿಸಿ ಕಟ್ಟಪ್ಪಣೆ ಮಾಡಿದರು. "ಇನ್ನೊಂದು ಸಲ ಹೀಗೆ ಬಿದ್ರೆ ಏಳೋದಿಲ್ಲ. ಬಿಸಿಲಲ್ಲಿ ಕೂರೋ ಕೆಲಸ ಇಲ್ಲಿಗೆ ಸಾಕು."

"ಬೆಳಗ್ಗೆ ಸ್ವಲ್ಪ ಹೊತ್ತು?" ಎಂದರು ಮಾವ.

"ಕಥೆ ಅರ್ಧಕ್ಕೆ ಬಿಟ್ಟು ಎದ್ದು ಬರ್ತೀರಾ?"

ಮಾವ ಯೋಚನೆ ಮಾಡಿ, "ಇಲ್ಲ" ಎಂದರು. ಪ್ರಾಮಾಣಿಕ ಮನುಷ್ಯ.

ಅತ್ತೆಯ ಅಂಗಡಿಯೊಳಗೆ ಕೂರಿಸಿ ನೋಡಿದ್ದಾಯಿತು. ಕೀಲಿಯ ಪುಡಿ ಹಾರಿ ಯಾರದೋ ಬಿಳಿ ಅಂಗಿಯ ಮೇಲೆ ಕೂತು, ನೀರು ಬಿದ್ದ ಕೂಡಲೇ ಅಂಗಿ ತುಂಬ ತುಕ್ಕು ಚುಕ್ಕೆ ಚುಕ್ಕೆಯಾಗಿ ಅರಳಿತು. ಅವತ್ತೇ ಅತ್ತೆ ಗಂಡನನ್ನೂ ಪೆಟ್ಟಿಗೆಯನ್ನೂ ಮನೆಗೆ ಸಾಗಹಾಕಿದರು. ಅಲ್ಲಿಗೆ ನಮ್ಮ ಗ್ರಹಚಾರ ಶುರುವಾಯಿತು.

ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಮಾವ ಮನೆಯ ಬೀಗಗಳನ್ನೆಲ್ಲ ಬಿಚ್ಚಿ, ಎಣ್ಣೆ ಹಾಕಿ, ಸುಧಾರಿಸಿದರು. ಸುಧಾರಿಸಿದ ಮೇಲೆ ಯಾವುದೂ ನಮಗೆ ತೆರೆಯಲಿಲ್ಲ. ಬಚ್ಚಲಿನ ಚಿಲಕವನ್ನು ಮೇಲೆತ್ತಿ, ಎಡಕ್ಕೆ ತಿರುಗಿಸಿ, ಮೊಣಕಾಲಿನಿಂದ ಬಾಗಿಲನ್ನು ಒದ್ದರೆ ಮಾತ್ರ ಹೊರಗೆ ಬರಬಹುದಿತ್ತು. ನನ್ನ ಗಂಡ ಒಂದು ಬೆಳಿಗ್ಗೆ ಆಫೀಸಿನ ಸಮಯ ಮೀರುವವರೆಗೂ ಒಳಗೇ ನಿಂತು ಅಪ್ಪನ ಪಾಠ ಕೇಳಿದರು. ಸಕ್ಕರೆ ಡಬ್ಬಿಗೆ ಬೀಗ ಬಂತು. ಒಂದು ದಿನ ಬಸ್ಸು ತುಂಬಿ ತುಳುಕುತ್ತಿದೆ, ಚಿಲ್ಲರೆಗೆಂದು ನನ್ನ ಟಿಕೆಟ್ ಬ್ಯಾಗಿಗೆ ಕೈ ಹಾಕುತ್ತೇನೆ, ಬಾಯಿಗೆ ಪುಟ್ಟ ಹಿತ್ತಾಳೆ ಬೀಗ! ಫೋನ್ ಮಾಡಿದರೆ, "ಕಳ್ಳರ ಕಾಟ ಅಂತಿದ್ದೆಯಲ್ಲಮ್ಮ, ಅದಕ್ಕೇ. ಕೀಲಿ ಸಕ್ಕರೆ ಡಬ್ಬೀಲಿದೆ" ಎಂದರು. ಡಬ್ಬಿಯ ಕೀಲಿ ಎಲ್ಲಿದೆ ಎಂದು ನಾನು ಕೇಳಲಿಲ್ಲ. ನನಗೂ ಒಂದು ಮಾನ ಇದೆ.

ಇದೆಲ್ಲ ನಗುವ ಮಾತೇ. ಆದರೆ ಒಂದು ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದಾಗ ಮಾವ ಕಿಟಕಿಯ ಹತ್ತಿರ ಕೂತು ಕೀಲಿ ಉಜ್ಜುತ್ತಿದ್ದರು. ಪಕ್ಕದ ತಟ್ಟೆ ತುಂಬ ಥಳಥಳಿಸುವ ಹೊಸ ಕೀಲಿಗಳು.

"ಇವೆಲ್ಲ ಯಾವ ಬೀಗದ್ದು ಮಾವ?"

"ಯಾವುದರದ್ದೂ ಅಲ್ಲಮ್ಮ. ಸುಮ್ನೆ, ಸದ್ದು ಕೇಳೋಣ ಅಂತ."

ನಾನು ನಗುತ್ತ ಅಡಿಗೆಮನೆಯ ಬಾಗಿಲ ಕಡೆ ತಿರುಗಿದೆ. ಅತ್ತೆ ಅಲ್ಲೇ ನಿಂತಿದ್ದರು, ನಗಲಿಲ್ಲ. ಟೇಪಿನ ಎರಡು ತುದಿಗಳನ್ನು ಎರಡು ಮುಷ್ಟಿಯಲ್ಲಿ ಹಿಡಿದಿದ್ದರು. ಮನುಷ್ಯ ಮಾತು ಕಡಿಮೆ ಮಾಡಿದ್ದಾನೆ, ಊಟ ಕಡಿಮೆ ಮಾಡಿದ್ದಾನೆ, ಹೀಗೇ ಬಿಟ್ಟರೆ ಬಿಸಿಲಿಗೆ ಸಿಗದೆಯೂ ಹೋಗಿಬಿಡುತ್ತಾನೆ ಎಂಬುದು ನನಗೆ ಆಗ ಹೊಳೆಯಿತು. ಆಕೆಗೆ ಎಂದೋ ಹೊಳೆದಿತ್ತು.

"ಆ ಬೀದಿಗೆ ಒಂದು ಬಟ್ಟೆ ಹೊಲೀತೀನಿ" ಎಂದರು ಅತ್ತೆ.

"ಬೀದಿಗಾ?"

"ಬರಿ ಮೈಯಲ್ಲಿ ಬಿದ್ದಿದೆ ಪಾಪ. ಮರ ನೆಡಬಹುದು, ನೆಡ್ತೀನಿ ಕೂಡ. ಅದು ಬೆಳೆಯೋವರೆಗೆ ಈ ಮನುಷ್ಯನ್ನ ಮನೇಲಿ ಇಟ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಹೊಸ ಬಟ್ಟೆ ಬೇಡ ಎಂದುಬಿಟ್ಟರು. ಹಳೇ ಬಟ್ಟೆ ಊರಲ್ಲಿ ರಾಶಿ ಬಿದ್ದಿರುವಾಗ ಹೊಸದೇಕೆ? ಲಾಡ್ಜಿನವರು ಎಸೆಯಲು ಕಟ್ಟಿಟ್ಟಿದ್ದ ಬಿಳಿ ಹಾಸಿಗೆ ಬಟ್ಟೆಗಳನ್ನು ಹೊತ್ತು ತಂದರು. ಬೀದಿಯ ಕೊಡೆ ರಿಪೇರಿಯವರು ಮುರಿದ ಕೊಡೆಗಳ ಬಟ್ಟೆಯನ್ನು ಮೂಟೆಗಟ್ಟಲೆ ಕೊಟ್ಟರು. ಬಿಸಿಲನ್ನು ಹಿಂದಕ್ಕೆ ಅಟ್ಟಲು ಮೇಲೆ ಬಿಳಿ, ಕೆಳಗೆ ಕೊಡೆಯ ಬಣ್ಣದ ತ್ರಿಕೋನಗಳು. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಬರೀ ಜಿಪ್ಪು ಬದಲಿಸುತ್ತ ಕೂತಿದ್ದ ಸುತ್ತಲಿನ ಟೈಲರಮ್ಮಂದಿರೆಲ್ಲ ತಮ್ಮ ತಮ್ಮ ಕತ್ತರಿ ಹಿಡಿದು ಬಂದರು. ಗಾಳಿ ಬಂದರೆ ಬಟ್ಟೆ ಹರಿಯಬಾರದಲ್ಲ, ಅದಕ್ಕೆ ಉದ್ದಕ್ಕೂ ಕಾಜಾ ಹೊಲಿದರು, ಅಂಗಿಯ ಗುಂಡಿಗೆ ಬಿಡುವಂಥದೇ ಕಾಜಾ, ಆದರೆ ನನ್ನ ತಲೆ ತೂರುವಷ್ಟು ದೊಡ್ಡದು. ಗಾಳಿ ಅದರಲ್ಲಿ ನುಗ್ಗಿ ಆಚೆ ಹೋಗಬೇಕಂತೆ. ಅಂಚಿಗೆ ಧಾರಾಳವಾಗಿ ಬಟ್ಟೆ ಮಡಿಸಿಟ್ಟರು.

"ಇದ್ಯಾಕೆ ಅತ್ತೆ ಇಷ್ಟೊಂದು?"

"ಇರಲಿ. ಮುಂದೆ ಬೀದಿ ದಪ್ಪ ಆದ್ರೆ ಬಿಚ್ಚಿ ಬಿಡಬಹುದು."

ಅಳತೆ ತೆಗೆದ ದಿನವನ್ನು ನಾನು ಸಾಯುವವರೆಗೂ ಮರೆಯಲಾರೆ. ಅತ್ತೆ ಬೀದಿಗೆ ಭುಜದಿಂದ ಭುಜಕ್ಕೆ ಟೇಪು ಹಿಡಿದರು, ಉದ್ದ ತೆಗೆದರು, ಸೊಂಟ ಎಂದರೆ ನಡುವಿನ ಕಿರಿದಾದ ಜಾಗವನ್ನೂ ಅಳೆದರು. ಬಟ್ಟೆಯನ್ನು ಎಲ್ಲಿ ಕಟ್ಟಬೇಕೆಂದು ಗೊತ್ತುಮಾಡಲು ಒಂದು ಹಾಸಿಗೆ ಬಟ್ಟೆಯನ್ನು ಎರಡೂ ಬದಿಯ ಮಹಡಿಗಳಿಂದ ನಾವು ಹಿಡಿದುಕೊಂಡೆವು. ಅದರ ನೆರಳು ಮಾವನ ಸ್ಟೂಲಿನ ಜಾಗಕ್ಕೆ ಸರಿಯಾಗಿ ಬೀಳುವವರೆಗೂ ಆಕೆ ಕೆಳಗಿನಿಂದ "ಇನ್ನೂ ಮೂಡಣಕ್ಕೆ! ಇನ್ನೂ!" ಎಂದು ಕೂಗಿದರು. ಬಿದ್ದ ನೆರಳಿನ ಸುತ್ತ ನೆಲದ ಮೇಲೆ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಗೀಟು ಎಳೆದರು. ಗೋಡೆಗೆ ಕೊಕ್ಕೆ ಹೊಡೆಸಿದರು. ಇದೆಲ್ಲ ನಡೆದದ್ದು ಬೆಳಿಗ್ಗೆ ಬೆಳಿಗ್ಗೆ, ತಂಪು ಹೊತ್ತಿನಲ್ಲಿ. ಮಧ್ಯಾಹ್ನ ಆ ಬಿಸಿಲಲ್ಲಿ ನಿಂತು ಅಳತೆ ತೆಗೆಯುವವರು ಯಾರು?

ಟೈಲರುಗಳಿಗೆ ಒಂದು ಅಭ್ಯಾಸ. 'ಅಲ್ಲಾಡಬೇಡಿ' ಎಂದರೆ ಎದುರಿಗಿದ್ದವರು ಅಲ್ಲಾಡದೆ ನಿಲ್ಲುತ್ತಾರೆ. ಸೂರ್ಯನಿಗೂ ಆಕೆ ಹಾಗೇ ಅಳತೆ ತೆಗೆದಿದ್ದರು.

ಕಟ್ಟಿದ ದಿನ ಬೀದಿಯೆಲ್ಲ ತಲೆಯೆತ್ತಿ ನಿಂತಿತು. ಕಾಜಾಗಳಲ್ಲಿ ಗಾಳಿ ಸುಯ್ ಎನ್ನುತ್ತಿದೆ, ಲಾಡ್ಜಿನ ಬಟ್ಟೆಯ ಮೇಲಿನ ಮೊಹರು ಬಿಸಿಲಿಗೆ ಹೊಳೆದು 'ಕದಿಯಬೇಡಿ' ಎಂಬ ಅಕ್ಷರಗಳು ಆಕಾಶದಲ್ಲಿ ತಿರುಗುಮುರುಗಾಗಿ ಕಾಣುತ್ತಿವೆ. ಒಂದು ದಿನದ ಮಟ್ಟಿಗೆ ಡಾಕ್ಟರು ಒಪ್ಪಿದ್ದರು. "ನೆರಳಿನಿಂದ ಒಂದಿಂಚೂ ಆಚೆ ಬರಕೂಡದು" ಎಂದು ಮಾವನಿಂದ ಮಾತು ತೆಗೆದುಕೊಂಡಿದ್ದರು. ಮಾವ ಸ್ಟೂಲು ಹಾಕಿ ಕೂತರು. ಚಾಕ್‌ಪೀಸಿನ ಗೀಟಿನೊಳಗೆ ನೆರಳು ಹೊಲಿದಿಟ್ಟ ಹಾಗೆ ಕೂತಿತ್ತು. ಅತ್ತೆಯ ಮುಖ ನೋಡಬೇಕಿತ್ತು ನೀವು.

ನಾನು ಒಂದು ಟ್ರಿಪ್ಪು ಮುಗಿಸಿ ಬರುವಷ್ಟರಲ್ಲಿ ಮಾವ ಗೀಟು ದಾಟಿದ್ದರು. ಕೊಟ್ಟ ಮಾತು ಕೊಟ್ಟ ಮಾತು. ನೆರಳು ಮೂಡಣಕ್ಕೆ ಸರಿದಂತೆ ಮಾವನೂ ಸ್ಟೂಲು ಸರಿಸಿದರು. ಅವರ ಹಿಂದೆ ಕೊಡೆ ರಿಪೇರಿಯವರು, ಅವರ ಹಿಂದೆ ಹಣ್ಣಿನ ಗಾಡಿ, ಅದರ ಹಿಂದೆ ಗಿರಾಕಿಗಳು. ಇಡೀ ಬೀದಿ ಒಂದು ಮದುವೆ ಮೆರವಣಿಗೆಯಂತೆ ಕೂತುಕೊಂಡೇ ಮುಂದೆ ಹೋಗುತ್ತಿತ್ತು. ನಡು ಮಧ್ಯಾಹ್ನದ ಹೊತ್ತಿಗೆ ಅದು ಇಸ್ತ್ರಿ ಅಕ್ಕನ ಅಂಗಳಕ್ಕೆ ನುಗ್ಗಿತು. ಮಾವ ಆಕೆಯ ಒದ್ದೆ ಬಟ್ಟೆಗಳ ಕೆಳಗೆ ಕೂತು, ತಲೆಯ ಮೇಲೆ ತೊಟ್ಟಿಕ್ಕುವ ನೀರು ಒರೆಸಿಕೊಳ್ಳುತ್ತ, ಬೆಕ್ಕಿನ ಮರಿಯ ಕಥೆಯನ್ನು ಹಿಂದೆ ನಿಲ್ಲಿಸಿದ್ದಲ್ಲಿಂದ ಮುಂದುವರಿಸಿದ್ದರು.

ಇಸ್ತ್ರಿ ಅಕ್ಕ ಎಂದರೆ ಬೀದಿಯ ಬಟ್ಟೆಗಳನ್ನೆಲ್ಲ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಡುವಾಕೆ. ಆಕೆಯ ಅನ್ನ ಇರುವುದು ಬಿಸಿಲಿನಲ್ಲಿ. ಅಷ್ಟೂ ಬಿಸಿಲನ್ನು ನಮ್ಮತ್ತೆ ಮುಚ್ಚಿಬಿಟ್ಟಿದ್ದರು.

"ಏನ್ ಟೇಪಮ್ಮ, ನಿಮ್ಮ ಗಂಡನ್ನ ತಂಪು ಮಾಡೋಕೆ ನನ್ನ ಹೊಟ್ಟೆ ಮೇಲೆ ತಣ್ಣೀರು ಬಟ್ಟೆ ಹಾಕ್ತೀರಾ? ಸಂಜೆಯೊಳಗೆ ಇದು ಇಳೀದೇ ಇದ್ರೆ ನಾನೇ ಕತ್ತರಿಸ್ತೀನಿ!"

"ನಂದೇನು ತಪ್ಪು? ಅಳತೆ ಸರಿಯಾಗೇ ಇದೆ. ಸೂರ್ಯ ಸರಿಯಿಲ್ಲ!" ಎಂದರು ಅತ್ತೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಆಕಾಶವೇ ಡೊಂಕಾಯಿತು. ಇಬ್ಬರೂ ಸೆರಗು ಬಿಗಿದು ನಿಂತರು. ನಾನು ಬಸ್ಸನ್ನು ನಿಲ್ದಾಣದಲ್ಲಿ ಬಿಟ್ಟು ಓಡಿ ಬಂದು ನೋಡುತ್ತಿದ್ದೇನೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ನನಗೆ ಹೆದರಿಕೆಯಾದದ್ದು ಜಗಳಕ್ಕಲ್ಲ. ಬಟ್ಟೆಗಳ ಕೆಳಗಿಂದ ಮಾವ ಮೆಲ್ಲಗೆ ಎದ್ದು ಪೆಟ್ಟಿಗೆ ಮುಚ್ಚುತ್ತಿದ್ದರು. "ಬಿಡೇ, ಮನೆಗೆ ಹೋಗ್ತೀನಿ" ಎಂದರು. ಆ ದನಿ ನನಗೆ ಸಹಿಸಲಾಗಲಿಲ್ಲ.

ಅತ್ತೆ ಏನೋ ಬಿರುಸಾಗಿ ಹೇಳಲು ಬಾಯಿ ತೆರೆದವರು ತೆರೆದೇ ನಿಂತರು. ಇಸ್ತ್ರಿ ಅಕ್ಕ ಮಾತಿನ ನಡುವೆಯೂ ಕೆಲಸ ನಿಲ್ಲಿಸಿರಲಿಲ್ಲ. ನಿಂತಲ್ಲೇ ನಿಂತು, ಒಂದು ಅಂಗಿ ಸಿಕ್ಕಿಸಿ ಹಗ್ಗ ಎಳೆದರೆ ಅಂಗಿ ಅಂಗಳದ ಆ ತುದಿಗೆ ಓಡುತ್ತಿತ್ತು. ಎರಡು ತುದಿಗೂ ರಾಟೆ ಹಾಕಿ ಸುತ್ತು ಕಟ್ಟಿದ ಹಗ್ಗ ಅದು.

"ಈ ರಾಟೆ ಎಲ್ಲಿ ತಂದ್ರಿ?" ಎಂದರು ಅತ್ತೆ.

"ಜಗಳ ಆಡ್ತಾ ಇದೀವಿ ನಾವು!" ಎಂದಳು ಇಸ್ತ್ರಿ ಅಕ್ಕ.

"ಆಮೇಲೆ ಆಡೋಣ. ಮೊದಲು ರಾಟೆ ಹೇಳಿ."

ಸ್ಟೂಲು ನೆರಳಿನ ಹಿಂದೆ ಓಡಬಾರದು, ನೆರಳು ಸ್ಟೂಲಿನ ಮೇಲೆ ನಿಲ್ಲುವ ಹಾಗೆ ಬಟ್ಟೆಯೇ ನಡೆಯಬೇಕು. ಬೆಳಿಗ್ಗೆ ಮೂಡಣಕ್ಕೆ, ಮಧ್ಯಾಹ್ನ ನೆತ್ತಿಗೆ, ಆಮೇಲೆ ಪಡುವಣಕ್ಕೆ. ಹಾಗೆ ನಡೆದರೆ ಇಸ್ತ್ರಿ ಅಕ್ಕನ ಅಂಗಳಕ್ಕೆ ದಿನವಿಡೀ ಬಿಸಿಲು. ಅಷ್ಟು ತಿಳಿದ ಮೇಲೆ ಆಕೆ ತಾನೇ ಏಣಿ ಹತ್ತಿ ರಾಟೆ ಕಟ್ಟಿಸಿದಳು. ಕಿಟಕಿಯ ಪರದೆಯ ಉಂಗುರಗಳಂಥ ಬಳೆಗಳನ್ನು ಅತ್ತೆ ಬಟ್ಟೆಯ ಎರಡೂ ಅಂಚಿಗೆ ಹೊಲಿದರು. ಬೀದಿಯ ಜಗಳ ಅಲ್ಲಿಗೆ ಮುಗಿಯಿತೆಂದುಕೊಂಡರೆ, ಹಗ್ಗ ಎಳೆಯುವವರು ಯಾರು ಎಂಬುದು ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹಣ್ಣಿನವನು ತನ್ನ ಗಾಡಿಯ ಕಡೆ ಎಳೆದ, ಕೊಡೆಯವರು ತಮ್ಮ ಕಡೆ ಎಳೆದರು, ಬಟ್ಟೆ ನಡುವೆ ನಿಂತು ನಡುಗಿತು.

ಆಗ ನಮ್ಮ ಮಾವ ತಟ್ಟೆಯಲ್ಲಿದ್ದ ಆ ಕೀಲಿಗಳನ್ನು ಜೇಬಿಗೆ ತುಂಬಿಕೊಂಡು ಕೂತರು. ಕೂತು, ಹಗ್ಗ ಹಿಡಿದಿಡುವ ಒಂದು ಬೀಗ ಮಾಡಿದರು. ಕೀಲಿ ತಿರುಗಿಸಿದರೆ ಹಗ್ಗ ಒಂದು ಮೊಳ ಪಡುವಣಕ್ಕೆ ಬಿಡುತ್ತದೆ, ಮತ್ತೆ ಕಚ್ಚಿಕೊಳ್ಳುತ್ತದೆ. ಸಂಜೆ ಮಾವ ಬೀಗ ಬಿಚ್ಚುವವರೆಗೆ ಹಿಂದಕ್ಕೆ ಎಳೆಯಲು ಯಾರಪ್ಪನಿಂದಲೂ ಆಗದು. ಬೀಗಕ್ಕೆ ಕೀಲಿ ಮಾಡುವವರು ಊರೂರಿಗೆ ಇದ್ದಾರೆ. ಕೀಲಿಗೆ ಬೀಗ ಮಾಡಿದವರು ನಮ್ಮ ಮಾವ ಒಬ್ಬರೇ. ಆ ಕೀಲಿಗಳೆಲ್ಲ ಒಂದೇ ಅಚ್ಚಿನವು, ಬೀದಿಯ ಒಬ್ಬೊಬ್ಬರಿಗೂ ಒಂದೊಂದು ಕೊಟ್ಟರು.

ಯಾವಾಗ ತಿರುಗಿಸಬೇಕು ಎಂಬುದನ್ನು ನಾನು ಬಗೆಹರಿಸಿದೆ. ನನ್ನ ಬಸ್ಸು ಬೀದಿಯ ಬಾಯಲ್ಲಿ ನಿಂತು ಹೊರಡುವಾಗ ವಿಸಿಲ್ ಊದುತ್ತೇನಲ್ಲ, ಊದಿದಾಗ ಒಂದು ಸಲ ತಿರುಗಿಸಿ. ನನ್ನ ರೂಟಿನ ಕಂಡಕ್ಟರುಗಳಿಗೆಲ್ಲ ಹೇಳಿಟ್ಟೆ. ನಮ್ಮ ಬಸ್ಸು ಸಮಯಕ್ಕೆ ಸರಿಯಾಗಿ ಬರುವುದಿಲ್ಲ ಎಂದು ಗೊಣಗುವವರಿಗೆ ನಾನು ಈಗ ಹೇಳುವುದಿಷ್ಟೇ: ನಾವು ತಡ ಮಾಡಿದರೆ ಸೂರ್ಯನೂ ಸ್ವಲ್ಪ ಕಾಯುತ್ತಾನೆ.

ಬಟ್ಟೆ ನಡೆಯಿತು. ಮೋಡ ನಡೆದ ಹಾಗೆ ನಡೆಯಿತು. ಆದರೆ ಡಾಕ್ಟರು ಅಷ್ಟಕ್ಕೆ ಬಗ್ಗಲಿಲ್ಲ. "ಇದು ಬೇಸಿಗೆಯ ಶುರು. ಕಡು ಬೇಸಿಗೆ ಬರಲಿ, ನಡು ಮಧ್ಯಾಹ್ನ ನಾನೇ ಬಂದು ನೋಡಿ ಹೇಳ್ತೀನಿ. ಅಲ್ಲಿವರೆಗೆ ಬೆಳಗಿನ ಹೊತ್ತು ಮಾತ್ರ. ಕಥೆ ಮುಗೀಲಿ ಬಿಡಲಿ, ಟೇಪಮ್ಮ ಕರೆದ ಕೂಡಲೇ ಏಳಬೇಕು" ಎಂದರು. ಮಾವ ಬೆಳಿಗ್ಗೆ ಬಂದು, ಬಿಸಿಲೇರುವಾಗ ಸ್ಟೂಲು, ಪೆಟ್ಟಿಗೆ ಅಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದರು. ಹೋಗುವಾಗ ಪ್ರತಿ ದಿನ ಒಮ್ಮೆ ತಲೆಯೆತ್ತಿ ಬಟ್ಟೆ ನೋಡುತ್ತಿದ್ದರು.

ಅಷ್ಟರಲ್ಲಿ ಸುದ್ದಿ ಹಬ್ಬಿತು. ಪಕ್ಕದ ಬೀದಿಯವರು ಬಂದರು, ತರಕಾರಿ ಸಂತೆಯವರು ಬಂದರು, ಬಿಸಿಲಲ್ಲಿ ಸಾಲು ನಿಲ್ಲುವ ಆಸ್ಪತ್ರೆಯ ಕಡೆಯವರು ಬಂದರು. ಜಿಪ್ಪು ಹಾಕುತ್ತಿದ್ದ ಟೈಲರಮ್ಮಂದಿರಿಗೆ ಕೈತುಂಬ ಕೆಲಸ. ನೆರಳಲ್ಲಿ ಕೂರುವ ಅಂಗಡಿಯವರು ತಮ್ಮ ಪಾಲು ಕೊಡಬೇಕು, ಕೊಡಲಾಗದವರು ಕೀಲಿ ತಿರುಗಿಸಬೇಕು, ಮಳೆಗಾಲದಲ್ಲಿ ಬಟ್ಟೆ ಇಳಿಸಿ ಒಗೆದಿಡುವ ಕೆಲಸ ಇಸ್ತ್ರಿ ಅಕ್ಕನದು. ಇದು ಅತ್ತೆ ಮಾಡಿದ ಕಟ್ಟಳೆ. ಒಬ್ಬ ಜಾಹೀರಾತಿನವನು ತಾನೇ ಪುಕ್ಕಟೆಯಾಗಿ ಪ್ಲಾಸ್ಟಿಕ್ ಹಾಳೆ ಹಾಕಿಸುತ್ತೇನೆ, ಮೇಲೆ ನಮ್ಮ ಕಂಪನಿಯ ಹೆಸರಿದ್ದರೆ ಸಾಕು ಎಂದು ಬಂದ. ಅತ್ತೆ ಅವನ ಹಾಳೆಯ ತುಂಡನ್ನು ಅವನ ತಲೆಗೇ ಸುತ್ತಿ, ಬಿಸಿಲಲ್ಲಿ ನಿಲ್ಲಿಸಿ, ಅವನು ಬೆವರಿ ನೀರಾಗುವವರೆಗೂ ಕುಶಲ ವಿಚಾರಿಸಿದರು. ಮತ್ತೆ ಅವನು ಈ ಕಡೆ ತಲೆ ಹಾಕಿಲ್ಲ.

ಯಾವುದೋ ದೊಡ್ಡ ಸಂಸ್ಥೆಯ ಹುಡುಗಿಯೊಬ್ಬಳು ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೇಳಿದಳು, "ಅಮ್ಮ, ನಿಮ್ಮ ಉದ್ಯಮದ ಗುರಿ ಏನು?"

"ನಮ್ಮ ಯಜಮಾನರನ್ನ ಮಧ್ಯಾಹ್ನದ ಹೊತ್ತೂ ಮನೆಯಿಂದ ಆಚೆ ಹಾಕೋದು."

ಹುಡುಗಿ ನಕ್ಕಳು. ಅತ್ತೆ ಸುಳ್ಳು ಹೇಳಿದ್ದಲ್ಲ.

ಕಡು ಬೇಸಿಗೆ ಬಂತು. ಡಾಕ್ಟರು ಮಾತ್ರ ನಾಳೆ ಬರುತ್ತೇನೆ, ನಾಡಿದ್ದು ಬರುತ್ತೇನೆ ಎನ್ನುತ್ತಲೇ ಇದ್ದರು. ಬಿಸಿಲಿಗೆ ಬಿದ್ದವರು ಅವರ ಬಾಗಿಲಲ್ಲಿ ಸಾಲುಗಟ್ಟಿದ್ದರೆ ಅವರಾದರೂ ಏನು ಮಾಡಿಯಾರು? ಕೊನೆಗೆ ಅವರನ್ನು ಕರೆತಂದದ್ದು ಒಂದು ಕೀಲಿ. ಅವತ್ತು ನನಗೆ ರಜೆ. ಅತ್ತೆಯ ಅಂಗಡಿಯಲ್ಲಿ ಕಾಜಾದ ಅಂಚು ಕತ್ತರಿಸುತ್ತ ಕೂತಿದ್ದೆ. ಕಾಗೆ ಕೂಡ ಹಾರದ ಮಧ್ಯಾಹ್ನ, ತಲೆಗೆ ಕರ್ಚೀಫು ಹೊದ್ದುಕೊಂಡು ಡಾಕ್ಟರು ಓಡಿ ಬಂದರು. ಕೈಯಲ್ಲಿ ಔಷಧದ ಬೀರುವಿನ ಕೀಲಿ, ಎರಡು ತುಂಡಾಗಿತ್ತು.

"ಎಲ್ಲಿ ಅವರು?"

"ಮನೇಲಿ. ನೀವೇ ತಾನೆ ಈ ಹೊತ್ತಲ್ಲಿ ಬೇಡ ಅಂದಿದ್ದು?" ಎಂದರು ಅತ್ತೆ, ಸೂಜಿಗೆ ದಾರ ಪೋಣಿಸುತ್ತ.

"ಕರೆಸಿ ಅಮ್ಮ, ಔಷಧಿಯೆಲ್ಲ ಒಳಗಿದೆ."

"ಈ ಬಿಸಿಲಲ್ಲಿ ಹೇಗೆ ಕರೆಸ್ಲಿ?"

ಡಾಕ್ಟರು ಒಮ್ಮೆ ಆಕೆಯನ್ನು, ಒಮ್ಮೆ ಮೇಲಿನ ಬಟ್ಟೆಯನ್ನು ನೋಡಿದರು. ಅತ್ತೆ ನನಗೆ ಕಣ್ಸನ್ನೆ ಮಾಡಿದರು. ನಾನು ಕೊಡೆ ಹಿಡಿದು ಮನೆಗೆ ಓಡಿದೆ. ಮಾವನನ್ನು ಕೊಡೆಯ ಕೆಳಗೆ ಇಟ್ಟುಕೊಂಡು, ಗೋಡೆಯ ಬದಿಬದಿಗೆ ಸರಿಯುತ್ತ ಬೀದಿಗೆ ಬರುವಷ್ಟರಲ್ಲಿ, ಡಾಕ್ಟರು ಮಾವನ ಸ್ಟೂಲಿನ ಮೇಲೆ ಕೂತು, ದೀಪದ ಕಂಬಕ್ಕೆ ತಲೆ ಆನಿಸಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

ಬೀದಿಗೆ ಬೀದಿಯೇ ಬಾಯಿಗೆ ಕೈ ಅಡ್ಡ ಹಿಡಿದು ನಗು ತ‍ಡೆದುಕೊಂಡಿತ್ತು. ಮಾವ ಸದ್ದು ಮಾಡದೆ ಪಕ್ಕದಲ್ಲಿ ನೆಲಕ್ಕೆ ಕೂತರು, ಡಾಕ್ಟರ ಅಂಗೈಯಿಂದ ಮುರಿದ ತುಂಡುಗಳನ್ನು ತೆಗೆದುಕೊಂಡು ಹೊಂದಿಸಿ ನೋಡಿದರು. ಅರ ಎತ್ತಿದರು. ಕಿರ್‍ರೋ ಕಿರ್‍ರೋ. ಬೀದಿಯ ಬಾಯಲ್ಲಿ ಬಸ್ಸಿನ ವಿಸಿಲ್ ಕೇಳಿತು, ಇಸ್ತ್ರಿ ಅಕ್ಕ ಬಂದು ಬೀಗಕ್ಕೆ ಕೀಲಿ ತಿರುಗಿಸಿದಳು, ಬಟ್ಟೆ ಒಂದು ಮೊಳ ಪಡುವಣಕ್ಕೆ ಸರಿಯಿತು.

ಡಾಕ್ಟರು ದಡಕ್ಕನೆ ಎದ್ದರು. "ಎಷ್ಟು ಹೊತ್ತು ಮಲಗಿದ್ದೆ?"

"ಕೀಲಿ ಆಗುವಷ್ಟು ಹೊತ್ತು" ಎಂದರು ಮಾವ, ಹೊಸ ಕೀಲಿಯನ್ನು ಊದಿ ಕೈಗಿಡುತ್ತ.

ಡಾಕ್ಟರು ಕೀಲಿಯ ಜೊತೆ ಕೈಯನ್ನೂ ಹಿಡಿದುಕೊಂಡರು. ನಾಡಿ ನೋಡಿದರು. ಹಣೆ ಮುಟ್ಟಿದರು. ಬಗ್ಗಿ ಕಬ್ಬಿಣದ ಪೆಟ್ಟಿಗೆ ಕಾದಿದೆಯೇ ಎಂದು ಅದರ ಮೇಲೆ ಅಂಗೈ ಊರಿದರು, ಊರಿಕೊಂಡೇ ಇದ್ದರು. ಆಮೇಲೆ ಅವರು ಮಾವನ ಭುಜ ಹಿಡಿದು ಸ್ಟೂಲಿನ ಮೇಲೆ ಕೂರಿಸಿದರು.

"ಇನ್ನು ಇಲ್ಲೇ ಕೂತ್ಕೊಳ್ಳಿ. ನೀರು ಕುಡೀತಾ ಇರಿ" ಎಂದು, ಹೊರಟವರು ತಿರುಗಿ, "ಟೇಪಮ್ಮ, ನನ್ನ ಕ್ಲಿನಿಕ್ಕಿನ ಮುಂದೆ ಸಾಲು ನಿಲ್ತಾರಲ್ಲ, ಅಲ್ಲಿಗೂ ಒಂದು ಅಳತೆ ತಗೊಳ್ಳಿ" ಎಂದು ಹೋದರು.

ಬೀದಿ ಹೋ ಎಂದು ಕೂಗಿತು. ಹಣ್ಣಿನವನು ಎಲ್ಲರಿಗೂ ಹಣ್ಣು ಹಂಚಿದ. ಕೊಡೆಯವರು ಒಂದು ಕೊಡೆ ಬಿಚ್ಚಿ ಕುಣಿದರು. ಮಾವ ಯಾರೂ ಕೇಳದೆಯೇ ಬೆಕ್ಕಿನ ಮರಿಗಳ ಕಥೆ ಶುರುಮಾಡಿದರು, ಈ ಸಲ ಮೊದಲಿನಿಂದ. ಅತ್ತೆ ಅಂಗಡಿಯೊಳಗೆ ಹೋಗಿ ಎಲ್ಲರಿಗೂ ಬೆನ್ನು ಮಾಡಿ ಮೆಷಿನ್ನಿನ ಮುಂದೆ ಕೂತರು. ಗಡಗಡ ಗಡಗಡ ತುಳಿಯತೊಡಗಿದರು, ನಿಲ್ಲಿಸಲೇ ಇಲ್ಲ.

"ಏನೇ, ಅಷ್ಟೊಂದು ಅವಸರದ ಹೊಲಿಗೆ ಯಾರದ್ದೇ?" ಎಂದು ಬೀದಿಯ ಮೇಲಿನಿಂದ ಮಾವ ಕೂಗಿದರು.

"ನಿಮ್ಮ ತಲೆ! ಸುಮ್ನೆ ಕೂತ್ಕೊಳ್ರೀ!" ಎಂದು ಅತ್ತೆ ತಿರುಗದೆಯೇ ಕೂಗಿದರು.

ನಾನು ನೀರು ಕೊಡುವ ನೆಪದಲ್ಲಿ ಹತ್ತಿರ ಹೋಗಿ ಬಗ್ಗಿ ನೋಡಿದೆ. ಟೇಪಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.